ಅಂಬಿಗನ ಹಿತ್ತಲಿನ ಹೊಗೆ

"ಗುರುಗಳೇ, ಧ್ಯಾನಕ್ಕೆ ಯಾವ ಆಸನ ಸರಿ?" ಎಂದು ಚೆಲುವಯ್ಯ ಕೇಳಿದ.

ಅವನು ಮಠಕ್ಕೆ ಬಂದು ಎರಡು ತಿಂಗಳಾಗಿತ್ತು. ಮೊದಲು ಚಾಪೆಯ ಮೇಲೆ ಕೂತ. ನೆಲದ ತಂಡಿ ಏರುತ್ತದೆ ಎಂದು ಹಲಗೆ ಹಾಕಿಕೊಂಡ. ಹಲಗೆ ಒತ್ತುತ್ತದೆ ಎಂದು ಕಂಬಳಿ ತಂದ. ಬಾಗಿಲ ಕಡೆ ಮುಖ ಮಾಡಿ ನೋಡಿದ, ಗೋಡೆಯ ಕಡೆ ಮಾಡಿ ನೋಡಿದ. ಜಪಮಣಿಯನ್ನು ಮೂರು ಸಲ ಬದಲಾಯಿಸಿದ. ಈಗಲೂ ಕೂತಲ್ಲಿ ಕೂರಲಾರದೆ ಮಂಡಿ ಅಲ್ಲಾಡಿಸುತ್ತಿದ್ದ.

ಗುರು ಅವರೆಕಾಯಿ ಸುಲಿಯುತ್ತಿದ್ದರು. ಒಂದು ಬೊಗಸೆ ಕಾಯಿ ತೆಗೆದು ಶಿಷ್ಯನ ಮುಂದೆ ಹಾಕಿದರು.

"ಸುಲಿ. ಒಬ್ಬ ಅಂಬಿಗನ ಕತೆ ಹೇಳುತ್ತೇನೆ" ಎಂದರು.

ಹೊಳೆಯ ದಂಡೆಯಲ್ಲಿ ಒಬ್ಬ ಅಂಬಿಗನಿದ್ದ. ಹರಿಗೋಲಿನಲ್ಲಿ ಜನರನ್ನು ದಾಟಿಸುವುದು ಅವನ ಕೆಲಸ. ಹೆಂಡತಿ ಸಣ್ಣಮಾದಿ. ಮಕ್ಕಳಿಲ್ಲ. ಗಂಡ ಸತ್ತ ಮೇಲೆ ತಮ್ಮನ ಮನೆಗೆ ಬಂದು ಸೇರಿದ ಅಕ್ಕ ಒಬ್ಬಳು. ಮನೆಯಲ್ಲಿ ಮೂರೇ ಜನ.

ಸಣ್ಣಮಾದಿಗೆ ಹೊಟ್ಟೆಯಲ್ಲಿ ಗೆಡ್ಡೆಯಾಯಿತು. ಮೂರು ತಿಂಗಳು ಮದ್ದು ಕುಡಿದಳು. ಮೈ ಇಳಿಯಿತು. ಎದ್ದು ಕೂರುವುದೂ ನಿಂತಿತು. ಒಂದು ದಿನ ಪಂಡಿತ ಬಂದು ಕೈ ಹಿಡಿದು ನೋಡಿದ. ಹೊರಗೆ ಬಂದು ಅಂಬಿಗನ ಹೆಗಲ ಮೇಲೆ ಕೈ ಇಟ್ಟ.

"ಇನ್ನು ಮದ್ದು ಬೇಡ ಕಣಪ್ಪ. ಅವಳು ಏನು ಕೇಳುತ್ತಾಳೋ ಕೊಡು. ಗಂಟಲು ನಡೆಯುವಷ್ಟು ದಿನ ತಿನ್ನಲಿ."

ಅಂಬಿಗ ಒಳಗೆ ಹೋದ. ಏನು ಬೇಕು ಎಂದು ಕೇಳಿದ. ಅವಳು ಸೂರು ನೋಡುತ್ತಲೇ ಹೇಳಿದಳು.

"ಗೆಂಡೆ ಮೀನು. ಸಾರು ಬೇಡ. ಕೆಂಡದಲ್ಲಿ ಸುಟ್ಟಿದ್ದು. ಹೊಗೆ ವಾಸನೆ ಹತ್ತಿರಬೇಕು."

"ಅಷ್ಟೇನಾ?"

"ಅಷ್ಟೇ. ಒಂದು ತುಣುಕು."

ಅಂಬಿಗನಿಗೆ ಮೈಯಲ್ಲಿ ಜೀವ ಬಂದ ಹಾಗಾಯಿತು. ಮೂರು ತಿಂಗಳಿಂದ ಮನೆಯೊಳಗೆ ಅವನ ಕೈಗೆ ಕೆಲಸವಿರಲಿಲ್ಲ. ಮದ್ದು ಅರೆಯುವವಳು ಅಕ್ಕ, ಮೈ ಒರೆಸುವವಳು ಅಕ್ಕ. ಅವನು ಬಾಗಿಲಲ್ಲಿ ನಿಲ್ಲುತ್ತಿದ್ದ, ಹೋಗುತ್ತಿದ್ದ, ಮತ್ತೆ ಬಂದು ನಿಲ್ಲುತ್ತಿದ್ದ. ಈಗ ಮಾಡುವುದಕ್ಕೆ ಒಂದು ಕೆಲಸ ಸಿಕ್ಕಿತು. ಬಲೆ ತೆಗೆದುಕೊಂಡು ಹೊಳೆಗೆ ಓಡಿದ.

ಮಧ್ಯಾಹ್ನದ ಹೊತ್ತಿಗೆ ಗೆಂಡೆ ಬಂತು. ಹೊಟ್ಟೆ ತೆಗೆದು, ಉಪ್ಪು ಅರಿಶಿನ ಸವರಿದ. ಹಿತ್ತಲಲ್ಲಿ ಮೂರು ಕಲ್ಲು ಇಟ್ಟ. ಕೈಗೆ ಸಿಕ್ಕಿದ ತೆಂಗಿನ ಗರಿ ಹೊತ್ತಿಸಿದ. ಗರಿ ಭಗ್ಗನೆ ಎದ್ದು ಮೀನಿನ ಮೈ ಕರಿಕು ಮಾಡಿ ತಣ್ಣಗಾಯಿತು. ಮುರಿದು ನೋಡಿದ. ಒಳಗೆ ಹಸಿ.

"ಆಯ್ತಾ?" ಒಳಗಿಂದ ಸಣ್ಣಮಾದಿ ಕೇಳಿದಳು.

"ಇಲ್ಲ. ನಾಳೆ."

ಮೀನು ನಾಯಿಗೆ ಹೋಯಿತು.

ಮಾರನೆಯ ದಿನ ತೆಂಗಿನ ಕರಟ ಸುಟ್ಟ. ಕೆಂಡ ಚೆನ್ನಾಗಿ ಬಿತ್ತು. ಮೀನು ಬೆಂದಿತು. ಆದರೆ ಹೊಗೆಯ ವಾಸನೆ ಹತ್ತಲಿಲ್ಲ. ನೀರಿನಲ್ಲಿ ಬೇಯಿಸಿದ ಮೀನಿನ ಹಾಗೆ ಸಪ್ಪೆ. ಮತ್ತೊಂದು ದಿನ ಮಾವಿನ ಕೊಂಬೆ ಕಡಿದು ತಂದ. ಹೊಗೆ ಬಂತು, ಕಣ್ಣು ಬಿಡಲಾಗದಷ್ಟು ಬಂತು. ಕಟ್ಟಿಗೆ ಇನ್ನೂ ಹಸಿಯಾಗಿತ್ತು. ಮೀನಿನ ಮೇಲೆ ಕಾಡಿಗೆಯಂಥ ಮಸಿ ಕೂತು ನಾಲಿಗೆಗೆ ಕಹಿಯಾಯಿತು.

"ಊರಿನ ನಾಯಿಗಳೆಲ್ಲ ನಿನ್ನ ಹಿತ್ತಲಿಗೆ ಬೀಗರಾದವಲ್ಲೋ" ಎಂದು ಬೇಲಿಯಾಚೆಯವನು ನಕ್ಕ. ಅಂಬಿಗ ನಗಲಿಲ್ಲ. ಅವನ ತಲೆಯಲ್ಲಿ ಕಟ್ಟಿಗೆ ಉರಿಯುತ್ತಿತ್ತು. ಉಣ್ಣುವಾಗ ಕಟ್ಟಿಗೆ, ಹುಟ್ಟು ಹಾಕುವಾಗ ಕಟ್ಟಿಗೆ. ಆಚೆ ದಡದಲ್ಲಿ ಜನ ಕೂಗಿದರೂ ಅವನಿಗೆ ಕೇಳಿಸುತ್ತಿರಲಿಲ್ಲ.

ಗುಡ್ಡದ ಕೆಳಗೆ ಇದ್ದಿಲು ಸುಡುವವನೊಬ್ಬನಿದ್ದ. ಅಂಬಿಗ ಅಲ್ಲಿಗೆ ನಡೆದ.

"ಜಾಲಿ ಇದ್ದಿಲು ತಗೊಂಡು ಹೋಗು. ಉರಿ ಏಳೋದಿಲ್ಲ, ಶಾಖ ಬೇಗ ಇಳಿಯೋದಿಲ್ಲ. ಕೆಂಡದ ಮೇಲೆ ಬೂದಿ ಕಟ್ಟೋವರೆಗೂ ಮೀನು ಇಡಬೇಡ. ಅಂಗೈ ಹಿಡಿದು ನೋಡು. ಎಂಟು ಎಣಿಸೋತನಕ ತಡೆದರೆ ಅದೇ ಹದ" ಎಂದ ಅವನು. ಚೀಲ ತುಂಬುತ್ತಾ ಕೇಳಿದ. "ಮನೆಯವಳು ಹೇಗಿದ್ದಾಳಪ್ಪ?"

"ಹೊಗೆಗೆ ಮೇಲೆ ಏನು ಹಾಕಬೇಕು?" ಎಂದ ಅಂಬಿಗ.

ಇದ್ದಿಲಿನವನು ಅವನ ಮುಖ ನೋಡಿದ. "ಒಣಗಿದ ಸೀಬೆ ಸೊಪ್ಪು. ಒಂದು ಹಿಡಿ ಸಾಕು" ಎಂದ. ಮತ್ತೆ ಕೇಳಲಿಲ್ಲ.

ಇದ್ದಿಲು ಬಂದ ಮೇಲೆ ಕಲ್ಲುಗಳು ಸರಿ ಕಾಣಲಿಲ್ಲ. ಒಂದು ಎತ್ತರ, ಒಂದು ತಗ್ಗು. ಕುಲುಮೆಗೆ ಹೋಗಿ ಕಬ್ಬಿಣದ ಜಾಲರಿ ಮಾಡಿಸಿದ. ಸಣ್ಣ ಕಣ್ಣು ಬೇಕು ಎಂದ, ಕಾಲು ಎತ್ತರ ಬೇಕು ಎಂದ, ಮಾಡಿದ್ದನ್ನು ಎರಡು ಸಲ ಬಿಚ್ಚಿಸಿದ.

"ಒಂದು ಗೆಂಡೆಗೆ ಇಷ್ಟು ಕಬ್ಬಿಣವಾ?" ಎಂದ ಆಚಾರಿ. "ಮೊಸಳೆ ಸುಡ್ತೀಯೇನೋ?"

ಜಾಲರಿಯ ಮೇಲೆ ಗಾಳಿ ಹೊಗೆಯನ್ನು ಹೊತ್ತುಕೊಂಡು ಹೋಯಿತು. ಅದು ಒಳಗೆ ಹೋಗಿ ಸಣ್ಣಮಾದಿಯ ಮಂಚದ ಸುತ್ತ ತಿರುಗಿತು. ಅವಳು ಅಷ್ಟೂ ದಿನ ಮೂಗಿನಲ್ಲಿ ಮೀನು ತಿಂದಳು.

ಏಳನೆಯ ದಿನ ಮೀನು ಬೆಂದಿತು. ಹೊಗೆಯೂ ಹತ್ತಿತ್ತು. ಅಕ್ಕ ಬಂದು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು.

"ಇದಕ್ಕಿಂತ ಇನ್ನೇನು ಬೇಕೋ ತಮ್ಮ? ತಗೊಂಡು ಹೋಗು."

ಅಂಬಿಗ ಮೀನನ್ನು ಬಾಳೆ ಎಲೆಯ ಮೇಲಿಟ್ಟ. ಹೊಸ್ತಿಲವರೆಗೆ ಹೋದ. ಒಳಗೆ ಕತ್ತಲಾಗಿತ್ತು. ಸಣ್ಣಮಾದಿ ಉಸಿರು ಎಳೆಯುವುದು ಕೇಳಿಸಿತು. ಒಂದು ಉಸಿರಾದ ಮೇಲೆ ಇನ್ನೊಂದು ಬರುವುದಕ್ಕೆ ತಡವಾಗುತ್ತಿತ್ತು. ಅಷ್ಟು ಹೊತ್ತೂ ಇವನ ಉಸಿರೂ ನಿಲ್ಲುತ್ತಿತ್ತು. ಮೂರು ಉಸಿರು ಕೇಳಿದ. ನಾಲ್ಕನೆಯದಕ್ಕೆ ಕಾಯಲು ಅವನಿಂದ ಆಗಲಿಲ್ಲ. ಎಲೆಯ ಕಡೆ ನೋಡಿದ.

"ಬಾಲ ಸೀದಿದೆ" ಎಂದು ಹಿಂದಿರುಗಿದ.

"ಬಾಲ ಯಾರಿಗೆ ಬೇಕಿತ್ತೋ?" ಎಂದಳು ಅಕ್ಕ. "ದಿನಾ ಕೇಳ್ತಾಳೆ. ಒಂದು ಚೂರು ಕೊಡೋ."

"ಸೀದಿದ್ದು ಕೊಡಲಾ ಅಕ್ಕ? ಇಪ್ಪತ್ತೆರಡು ವರ್ಷ ಅವಳು ನನಗೆ ಸೀದ ಅನ್ನ ಹಾಕಿಲ್ಲ."

ಮೀನು ನಾಯಿಗೆ ಹೋಯಿತು.

ಅಂಬಿಗ ಕುಂಬಾರನ ಹತ್ತಿರ ಹೋದ. ನೀರು ತುಂಬುವ ದೊಡ್ಡ ಗುಡಾಣ ಒಂದನ್ನು ಆರಿಸಿದ. ತಳ ಒಡೆಸಿ, ಬದಿಯಲ್ಲಿ ಗಾಳಿಗೆ ಒಂದು ತೂತು ಮಾಡಿಸಿದ. ಕೆಂಡದ ಮೇಲೆ ಅದನ್ನು ಕೂರಿಸಿ, ಬಾಯಿಗೆ ಅಡ್ಡಲಾಗಿ ಬಿದಿರ ಕಡ್ಡಿ ಇಟ್ಟು, ಅದರಲ್ಲಿ ಮೀನು ನೇತುಹಾಕಿ, ಮೇಲೆ ಒದ್ದೆ ಗೋಣಿ ಮುಚ್ಚಬೇಕು. ಹೊಗೆ ಹೊರಗೆ ಹೋಗುವುದಿಲ್ಲ. ಆದರೆ ಹೊಸ ಗುಡಾಣ ಒಮ್ಮೆಗೇ ಕೆಂಡಕ್ಕೆ ಇಟ್ಟರೆ ಬಿರಿಯುತ್ತದೆ ಎಂದ ಕುಂಬಾರ. ಎರಡು ದಿನ ಮೈಗೆಲ್ಲ ಗಂಜಿ ನೀರು ಸವರಿ ಕುಡಿಸಬೇಕು, ಒಂದು ದಿನ ಸಣ್ಣ ಉರಿ ತೋರಿಸಬೇಕು.

ಅಂಬಿಗ ಗುಡಾಣಕ್ಕೆ ಗಂಜಿ ನೀರು ಕುಡಿಸಿದ. ಅದರ ಪಕ್ಕದಲ್ಲೇ ಕೂತ. ಏಳುತ್ತಿದ್ದ, ಸುತ್ತು ಹಾಕುತ್ತಿದ್ದ, ಬೆರಳಿನಿಂದ ತಟ್ಟಿ ಸದ್ದು ಕೇಳುತ್ತಿದ್ದ. ಆಗಾಗ ಬಾಗಿಲಿಗೆ ಹೋಗಿ "ನೋವಿದೆಯಾ?" ಎನ್ನುತ್ತಿದ್ದ. ಅವಳು ಉತ್ತರ ಕೊಡುವಷ್ಟರಲ್ಲಿ ಉರಿ ನೋಡಬೇಕು ಎಂದು ಹಿತ್ತಲಿಗೆ ತಿರುಗುತ್ತಿದ್ದ.

ಒಳಗೆ ಅಕ್ಕ ಅವಳಿಗೆ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು. ಮೊದಲು ಅರ್ಧ ಲೋಟ ಇಳಿಯುತ್ತಿತ್ತು. ಆಮೇಲೆ ನಾಲ್ಕು ಚಮಚ.

ಹನ್ನೊಂದನೆಯ ದಿನ ಬೆಳಿಗ್ಗೆ ಎಲ್ಲವೂ ಕೂಡಿ ಬಂತು. ಜಾಲಿ ಕೆಂಡ ಬೂದಿ ಹೊದ್ದಿತು. ಅಂಗೈ ಹಿಡಿದು ಎಂಟು ಎಣಿಸಿದ. ಸೀಬೆ ಸೊಪ್ಪು ಉದುರಿಸಿದ. ಗುಡಾಣದ ಬಾಯಿಂದ ಗೋಣಿ ತೆಗೆದಾಗ ಮೀನು ಜೇನಿನ ಬಣ್ಣಕ್ಕೆ ತಿರುಗಿತ್ತು. ರುಚಿ ನೋಡುವುದು ಬೇಕಿರಲಿಲ್ಲ. ಬಾಲ ಸೀದಿರಲಿಲ್ಲ. ಹಿಂದಿರುಗುವುದಕ್ಕೆ ಅವನ ಹತ್ತಿರ ಯಾವ ನೆಪವೂ ಉಳಿದಿರಲಿಲ್ಲ.

ಎಲೆ ಹಿಡಿದು ಒಳಗೆ ಹೋದ. ಮಂಚದ ಪಕ್ಕದಲ್ಲಿ ಕೂತ.

ಸಣ್ಣಮಾದಿ ಕಣ್ಣು ತೆರೆದಳು. ಅವನು ಒಂದು ಎಳೆ ಬಿಡಿಸಿ ಅವಳ ತುಟಿಗೆ ಇಟ್ಟ. ಅವಳು ಬಾಯಿಯಲ್ಲಿ ಇಟ್ಟುಕೊಂಡಳು. ಬಹಳ ಹೊತ್ತು ಇಟ್ಟುಕೊಂಡಳು. ಇಳಿಯಲಿಲ್ಲ. ಅಕ್ಕ ಬಟ್ಟೆ ಹಿಡಿದು ಅದನ್ನು ಹೊರಗೆ ತೆಗೆದಳು.

"ನಿನ್ನೆಯಿಂದ ನೀರೂ ಇಳೀತಿಲ್ಲ ಕಣೋ" ಎಂದಳು ಅಕ್ಕ. "ಹೇಳೋಣ ಅಂದ್ರೆ ನೀನು ಗುಡಾಣ ಬಿಟ್ಟು ಏಳಲಿಲ್ಲ."

ಅಂಬಿಗ ಎಲೆಯನ್ನು ಹಿಡಿದು ಏಳಲು ಹೋದ. "ಇನ್ನೂ ಮೆತ್ತಗೆ ಮಾಡ್ತೀನಿ. ಮೊದಲು ಹಬೆಯಲ್ಲಿ ಇಟ್ಟು, ಆಮೇಲೆ ಹೊಗೆ..."

ಸಣ್ಣಮಾದಿ ಅವನ ಪಂಚೆಯ ಅಂಚು ಹಿಡಿದಳು. ಆ ಕೈಯಲ್ಲಿ ಬಲವಿರಲಿಲ್ಲ. ಬಿಡಿಸಿಕೊಳ್ಳುವುದು ಸುಲಭವಿತ್ತು.

"ಕೂತ್ಕೋ" ಎಂದಳು. "ಮದುವೆಯಾದ ವರ್ಷ ನನಗೆ ಗೆಂಡೆ ತಿನ್ನೋಕೆ ಬರ್ತಿರಲಿಲ್ಲ. ಗಂಟಲಲ್ಲಿ ಮುಳ್ಳು ಸಿಕ್ಕಿತ್ತು. ಅವತ್ತಿಂದ ನೀನೇ ಮುಳ್ಳು ಬಿಡಿಸಿ ಕೊಡ್ತಿದ್ದೆ. ಗೆಂಡೆ ಮುಳ್ಳು ಬಿಡಿಸೋಕೆ ಎಷ್ಟು ಹೊತ್ತು ಬೇಕು, ನಿಂಗೊತ್ತು. ಅಷ್ಟು ಹೊತ್ತು ಪಕ್ಕದಲ್ಲಿ ಕೂತಿರ್ತೀಯ ಅಂತ ಗೆಂಡೆ ಕೇಳ್ದೆ."

ಹಿತ್ತಲಲ್ಲಿ ಕೆಂಡ ತಾನಾಗಿಯೇ ಆರಿತು.

ಅಂಬಿಗ ಎಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಒಂದೊಂದೇ ಮುಳ್ಳು ಹುಡುಕಿ ತೆಗೆದ. ಕೂದಲಿನಂಥ ಮುಳ್ಳೂ ಬಿಡಲಿಲ್ಲ. ಯಾರೂ ತಿನ್ನದ ಮೀನಿನ ಮುಳ್ಳನ್ನು ಮಧ್ಯಾಹ್ನದವರೆಗೆ ಬಿಡಿಸಿದ. ಅವಳು ಅವನ ಬೆರಳುಗಳನ್ನೇ ನೋಡುತ್ತಿದ್ದಳು. ನಡುವೆ ಉಸಿರು ತಡವಾಯಿತು. ಅವನು ಕಾದ. ಉಸಿರು ಬಂತು. ಮತ್ತೆ ತಡವಾಯಿತು. ಮತ್ತೆ ಕಾದ.

ಆಮೇಲೂ ಅವನು ಅಲ್ಲಿಂದ ಏಳಲಿಲ್ಲ. ಎರಡು ದಿನ ಕೂತ. ಮೂರನೆಯ ದಿನ ಬೆಳಿಗ್ಗೆ ಅವಳು ಹೋದಳು.

ಅವಳು ಮೀನು ಕೇಳಿದ ಮೇಲೆ ಹದಿಮೂರು ದಿನ ಇದ್ದಳು. ಅವನಿಗೆ ಸಿಕ್ಕಿದ್ದು ಎರಡು.

ಗುರು ಇಲ್ಲಿಗೆ ನಿಲ್ಲಿಸಿದರು. ಸಿಪ್ಪೆಯನ್ನು ಒಂದು ಕಡೆ ಸರಿಸಿದರು. ಚೆಲುವಯ್ಯನ ಮುಂದಿನ ಕಾಯಿ ಅರ್ಧವೂ ಸುಲಿದಿರಲಿಲ್ಲ.

"ಅವನು ಮಾಡಿದ್ದೆಲ್ಲ ಪ್ರೀತಿಯಿಂದಲೇ ಅಲ್ಲವೇ ಗುರುಗಳೇ?" ಎಂದು ಅವನು ಕೇಳಿದ.

"ಪ್ರೀತಿಯಿಂದಲೇ."

"ಹಾಗಾದರೆ ಒಳ್ಳೆಯ ಕೆಂಡ ಹುಡುಕಿದ್ದು ತಪ್ಪೇ? ಒಳ್ಳೆಯದನ್ನೇ ಕೊಡಬೇಕು ಅಂತ ಯಾರಿಗೆ ಅನ್ನಿಸುವುದಿಲ್ಲ? ನಾನೂ ಅದಕ್ಕೇ ಕೇಳಿದ್ದು. ಆಸನ ಒಂದು ಸರಿಯಾದರೆ, ಆಮೇಲೆ..."

ಗುರು ಅವನ ಅಲ್ಲಾಡುವ ಮಂಡಿಯ ಮೇಲೆ ಕೈ ಇಟ್ಟರು.

"ಮನೆಯಲ್ಲಿ ಯಾರನ್ನು ಹಾಸಿಗೆಯ ಮೇಲೆ ಬಿಟ್ಟು ಬಂದಿದ್ದೀಯ, ಚೆಲುವಯ್ಯ?"

ಚೆಲುವಯ್ಯ ತಲೆ ಎತ್ತದೆ ಎದ್ದು, ಕೂತಿದ್ದ ಕಂಬಳಿ ಮಡಿಸತೊಡಗಿದ.