ಮುಷ್ಟಿಗೆರೆಗೆ ಆ ಹೆಸರು ಬಂದ ಬಗೆ

ಮುಷ್ಟಿಗೆರೆ ಹೆಸರಿಗಷ್ಟೇ ಮುಷ್ಟಿ. ಕೆರೆ ಏರಿಯ ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಗೆ ಕೇಳಿಸದು. ಏರಿಯ ನಡುವೆ ಒಂದು ಕಲ್ಲಿದೆ. ಅದರಲ್ಲಿ ಕೆತ್ತಿದ ಮನುಷ್ಯನಿಗೆ ಕಿರೀಟವಿಲ್ಲ, ಮೀಸೆಯೂ ಅಷ್ಟಕ್ಕಷ್ಟೆ. ಎಡಗೈ ಮಾತ್ರ ಬಿಗಿಯಾಗಿ ಮುಷ್ಟಿ ಕಟ್ಟಿದೆ. ಬಂದವರು ಯಾರೋ ದೊರೆಯೆಂದು ಕೈಮುಗಿಯುತ್ತಾರೆ. ದೊರೆಯಲ್ಲ, ದೊರೆಯ ಕಾಲೊತ್ತುತ್ತಿದ್ದ ಆಳು ಪಾಲಯ್ಯ.

ಹಿಂದೆ ಒಮ್ಮೆ ಈ ಕೆರೆಯ ನೀರಿಗಾಗಿ ನಮ್ಮ ಮೂಡಲಪ್ಪ ನಾಯಕನಿಗೂ ಆಚೆ ಸೀಮೆಯ ಪಾಳೆಯಗಾರನಿಗೂ ಜಗಳ ಹತ್ತಿತು ಎನ್ನುತ್ತಾರೆ. ಏರಿಯಿಂದ ಬಿಟ್ಟ ಬಾಣ ಯಾರದು ದೂರ ಬೀಳುವುದೋ ಕೆರೆ ಅವರದು ಎಂದು ಹಿರಿಯರು ತೀರ್ಮಾನಿಸಿದರು. ನಾಯಕ ಹೊಸ ಬಿಲ್ಲಿಗಾಗಿ ಮೌನಾಚಾರಿಯನ್ನು ಕರೆಸಿದ. ಬಿಲ್ಲಿನ ತೋಳಿಗೆ ಬಿದಿರನ್ನು ಯಾರಾದರೂ ತಂದಾರು. ಕಸುಬೆಲ್ಲ ಇರುವುದು ನಡುವಿನ ಹಿಡಿಗೆ ಮರ ಆರಿಸುವುದರಲ್ಲಿ. ಹುಣಸೆ, ಜಾಲಿ, ಕಮರ ಈ ಮೂರರ ತುಂಡನ್ನು ದಿನಕ್ಕೊಂದರಂತೆ ಬಿಲ್ಲು ಹಿಡಿಯುವವನ ಎಡ ಅಂಗೈಗೆ ಕಟ್ಟಬೇಕು, ಹೊತ್ತು ಮುಳುಗುವವರೆಗೆ ಬಿಚ್ಚಬಾರದು. ಅವನ ಬೆವರಿಗೆ ಜಾರದ ಮರವೇ ಅವನ ಹಿಡಿಗೆ ಸರಿ. ಇದು ಆಚಾರಿಯ ಮನೆತನದ ಪದ್ಧತಿ.

"ಬೆಳಿಗ್ಗೆ ಚೊಂಬು ತಗಂಡು ಬಯಲಿಗೆ ಹೋದಾಗ ಏನು ಮಾಡ್ಲೋ?" ಎಂದ ನಾಯಕ.

"ಆವಾಗ್ಲೂ ಬಿಚ್ಚಬಾರ್ದು ಒಡೆಯಾ."

ನಾಯಕ ಯೋಚಿಸಿ ಯೋಚಿಸಿ, ಗುಟ್ಟಾಗಿ ಪಾಲಯ್ಯನ ಕೈಗೆ ಕಟ್ಟಿಸಿದ. ಆ ಬಡಪಾಯಿ ಮೂರು ದಿನ ಹೇಗೆ ಸುಧಾರಿಸಿದನೋ ಅವನಿಗೇ ಗೊತ್ತು. ಸಂಜೆ ಬಂದ ತುಂಡುಗಳನ್ನು ಮೂಸಿ, ತಡವಿ, ಆಚಾರಿ ನುಣುಪಾದ ಕಮರವನ್ನೇ ಆರಿಸಿದ. ಪಾಲಯ್ಯನ ಒರಟು, ಒಣ ಅಂಗೈಗೆ ಅದು ಒಪ್ಪಿತ್ತು. ನಾಯಕನ ಅಂಗೈಯೋ ಸದಾ ಬೆವರುತ್ತಿತ್ತು.

ಪಂದ್ಯದ ದಿನ ಆಚೆಯವನ ಬಾಣ ಇನ್ನೂರು ಮಾರು ಹೋಯಿತು. ನಮ್ಮ ನಾಯಕ ಹೆದೆ ಎಳೆದ. ಹಿಡಿ ಜಾರಿತು, ಬಿಲ್ಲು ಹಿಂದಕ್ಕೆ ಚಿಮ್ಮಿ ಅವನ ರುಮಾಲನ್ನು ಕೆರೆಗೆ ಕೆಡವಿತು, ಬಾಣ ಕಾಲಬುಡದಲ್ಲೇ ಬಿತ್ತು. ಜನ ನಗು ತಡೆಯಲಾರದೆ ಕೆಮ್ಮಿದರು. "ಆಚಾರಿಯ ಹೆಬ್ಬೆರಳು ಕತ್ತರಿಸ್ರೋ!" ಎಂದು ನಾಯಕ ಅಬ್ಬರಿಸಿದಾಗ ಪಾಲಯ್ಯನಿಗೆ ತಡೆಯಲಾಗಲಿಲ್ಲ.

"ಆಚಾರಿದೇನೂ ತಪ್ಪಿಲ್ಲ ಒಡೆಯಾ. ತುಂಡು ಕಟ್ಕಂಡಿದ್ದು ನಾನು. ತಾವು ಚೊಂಬು ಹಿಡ್ಕಂಡಿದ್ರಿ."

ಈಗ ಯಾರೂ ಕೆಮ್ಮಲಿಲ್ಲ, ಬಾಯ್ತುಂಬ ನಕ್ಕರು. ಕತ್ತಿ ಎತ್ತಿದವನೂ ನಕ್ಕು ಕತ್ತಿ ಇಳಿಸಿದ. ಆಚಾರಿಯ ಬೆರಳು ಉಳಿಯಿತು. "ಹಂಗಾದ್ರೆ ಇದು ಪಾಲಯ್ಯನ ಬಿಲ್ಲು, ಅವನೇ ಬಿಡ್ಲಿ" ಎಂದ ಮೌನಾಚಾರಿ. ಪಾಲಯ್ಯ ಹಿಡಿದ ಮುಷ್ಟಿ ಕದಲಲಿಲ್ಲ. ಬಾಣ ಇನ್ನೂರು ಮಾರು ದಾಟಿತು. ಕೆರೆ ಮೂಡಲಪ್ಪನ ಪಾಲಾಗುವುದಕ್ಕಿಂತ ಅವನ ಆಳಿನ ಪಾಲಾಗುವುದೇ ವಾಸಿಯೆನಿಸಿ ಆಚೆ ಸೀಮೆಯವನೇ ಮೊದಲು ಕೂಗಿದನಂತೆ: "ಬಾಣ ಯಾರದೋ ಕೆರೆ ಅವರದು. ಪಾಲಯ್ಯಂದು!"

ಕದಲದ ಆ ಮುಷ್ಟಿಯಿಂದಲೇ ಕೆರೆಗೆ ಈ ಹೆಸರು. ಗದ್ದೆಗಳಿಗೆ ಮೊದಲ ನೀರು ಬಿಡುವ ಬೆಳಿಗ್ಗೆ ಅಲ್ಲಿಗೆ ಹೋದವರು ಇಂದಿಗೂ ಒಂದು ನೋಟ ಕಾಣಬಹುದು. ತೂಬು ಎತ್ತುವ ಹಕ್ಕು ಪಾಲಯ್ಯನ ಮನೆಯವರದು. ನಾಯಕರ ಮನೆಯ ಯಜಮಾನರು ಎಲ್ಲರ ಹಿಂದೆ ಸರದಿಯಲ್ಲಿ ನಿಂತು, ತಮ್ಮ ಪಾಳಿ ಬಂದಾಗ ತಲೆ ತಗ್ಗಿಸಿ ಕೇಳುತ್ತಾರೆ: "ಒಡೆಯಾ, ನಮ್ಮ ಗದ್ದೆಗೂ ಒಂದೀಟು ಬಿಡ್ರಿ."