ಬಾಳವ್ವನ ಶಾಲು

ಹೊಳೆದಂಡೆಯ ಆ ಮಠಕ್ಕೆ ಜನ ಬರುತ್ತಿದ್ದದ್ದು ಗುರುಗಳಾದ ಅಜ್ಜಾರ ಪ್ರವಚನಕ್ಕೋ ಅಡಿಗೆಯ ಬಾಳವ್ವನ ರೊಟ್ಟಿಗೋ, ಶಿವನೇ ಬಲ್ಲ.

ದಾಸೋಹದ ಉಸ್ತುವಾರಿ ಶಿಷ್ಯ ಮುರಿಗೆಯ್ಯನದು. ಒಂದು ದಿನ ಅವನು ಸಿಟ್ಟಿನಿಂದ ಬಂದು ಗುರುಗಳ ಮುಂದೆ ಒಂದು ರೊಟ್ಟಿ ಇಟ್ಟ. ಒಂದು ಮಗ್ಗುಲು ಸೀದಿತ್ತು, ಇನ್ನೊಂದು ಮಗ್ಗುಲು ಹಸಿ.

"ನೋಡ್ರಿ ಅಜ್ಜಾರ, ಬಾಳವ್ವನ ಕೆಲಸ! ಈಕೀನ್ನ ಬಿಡಿಸಿಬಿಡೋಣ."

"ಮೊದಲು ಹಿಂಗಿರಲಿಲ್ಲಲ್ಲೋ. ಏನಾತು?"

"ಸೊಕ್ಕು ಬಂದೈತ್ರಿ. ಪಗಾರ ಹೆಚ್ಚು ಮಾಡ್ರಿ ಅಂದ್ಲು. ಮಠದಾಗ ಮಾಡೋದು ಸೇವಾ, ಅದಕ್ಕ ಪಗಾರ ಕೇಳ್ತಾರೇನು ಅಂದೆ. ಆದ್ರೂ ಬರಿಗೈಲೆ ಕಳಸಲಿಲ್ರಿ. ಹುಣ್ಣಿವಿ ದಿನ ತುಂಬಿದ ಸಭಾದಾಗ ನಿಮ್ಮ ಕೈಲೇ ಶಾಲು ಹೊದಿಸಿಲ್ಲೇನ್ರಿ? ಅದನ್ನ ಆಕಿ ಬಿಸಿ ಹಂಚು ಇಳಸಾಕ ಮಸಿ ಅರಿವಿ ಮಾಡ್ಕೊಂಡಾಳ!"

ಅಜ್ಜಾರು ಆ ರೊಟ್ಟಿಯನ್ನೇ ಮುರಿದು ಉಂಡರು. ನೀರು ಕುಡಿದು ಎದ್ದರು.

"ಇವತ್ತಿನ ಪಾಠ ಅಡಗಿಮನ್ಯಾಗ. ತೃಪ್ತಿ ಅಂದ್ರೇನು ಅನ್ನೋದು."

ಅಡಿಗೆಮನೆಯಲ್ಲಿ ಒಲೆ ಉರಿಯುತ್ತಿತ್ತು. ಹೊಗೆ ಹೋಗುವ ಬೆಳಕಿಂಡಿ ಮುಚ್ಚಿತ್ತು. ಪೂಜೆಯ ಕೋಣೆಗೆ ಹೊಗೆ ನುಗ್ಗುತ್ತದೆಂದು ಹೋದ ವರ್ಷ ಮುರಿಗೆಯ್ಯನೇ ಹಲಗೆ ಬಡಿಸಿದ್ದ. ಬಾಳವ್ವ ಊದಿದ ಕಣ್ಣು ಒರೆಸಿಕೊಳ್ಳುತ್ತ, ಹಂಚಿನ ಮೇಲೆ ಕೈಯಿಂದ ತಡವಿ ತಡವಿ ರೊಟ್ಟಿ ತಿರುವುತ್ತಿದ್ದಳು.

ಅಜ್ಜಾರು ಒಲೆಯ ಪಕ್ಕ ಕೂತರು. ಅವರು ಬಾಯಿ ತೆರೆಯುವುದರೊಳಗೇ ಮುರಿಗೆಯ್ಯ ಕೆಮ್ಮುತ್ತ ಹೊರಗೆ ಓಡಿದ.

ಅಯ್ಯೋ ನನ್ನ ಬುದ್ಧಿಗಿಷ್ಟು! ನಾನು ಒಂದು ಗಳಿಗೆ ತಡೆಯಲಾರದ ಹೊಗೆಯನ್ನು ಆಕೆ ದಿನವಿಡೀ ಹೇಗೆ ತಡೆದಾಳು? ಎಂದುಕೊಂಡ ಮುರಿಗೆಯ್ಯ. ತಾನೇ ಮಾಳಿಗೆ ಹತ್ತಿ ಹಲಗೆ ಕಿತ್ತುಹಾಕಿದ. ಇಳಿದು ಬಂದು ಬಾಳವ್ವನಿಗೆ ಕೈಮುಗಿದ.

"ತಪ್ಪಾತು ಯವ್ವಾ. ಪಗಾರಾನೂ ಹೆಚ್ಚು ಮಾಡ್ತೀನಿ. ಸಿಟ್ಟು ಬಿಡು, ಮೊದಲಿನಂಗ ರೊಟ್ಟಿ ಮಾಡು."

"ನಿಮ್ಮ ಮ್ಯಾಲೆ ಸಿಟ್ಟು ಮಾಡಿ ರೊಟ್ಟಿ ಸುಡ್ತೀನೇನ್ರಿ ಅಯ್ನಾರ? ಹೋದ ವರ್ಷ ಈ ಮಾತು ಅಂದಿದ್ರ ಚಲೋ ಇತ್ತು." ಬಾಳವ್ವ ಕೈ ಝಾಡಿಸಿಕೊಂಡು ಎದ್ದಳು. "ಈಗ ಹಂಚೇ ಕಾಣವಲ್ದು."

ಶಾಲನ್ನು ಮಡಚಿ ಒಲೆಕಟ್ಟೆಯ ಮೇಲಿಟ್ಟಳು. ಗೋಡೆ ಹಿಡಿದು ಹಿಡಿದು ಹೊರಟೇ ಹೋದಳು. ಮುರಿಗೆಯ್ಯ ಕರೆದ, ತಿರುಗಿ ನೋಡಲಿಲ್ಲ. ನೋಡಿದ್ದರೂ ಅವಳಿಗೆ ಅವನು ಕಾಣುತ್ತಿರಲಿಲ್ಲ.

ಹೊರಗೆ ಊಟದ ಗಂಟೆ ಬಾರಿಸಿತು. ಬುಟ್ಟಿಯಲ್ಲಿ ಸೀದ ನಾಲ್ಕು ರೊಟ್ಟಿ ಬಿಟ್ಟರೆ ಏನೂ ಇಲ್ಲ.

"ಅಜ್ಜಾರ," ಮುರಿಗೆಯ್ಯ ಅಳುತ್ತಿದ್ದ, "ಮಂದಿ ಪಂಕ್ತಿಗೆ ಕೂತಾರ್ರಿ. ಏನು ಬಡಸ್ಲಿ?"

ಅಜ್ಜಾರು ಮಸಿ ಹಿಡಿದ ಶಾಲನ್ನು ಎತ್ತಿ ಅವನ ಕೈಗಿಟ್ಟರು. ಪಂಕ್ತಿಗೆ ಹೋಗಿ ಮೊದಲನೆಯ ತಟ್ಟೆಯ ಮುಂದೆ ಕೂತರು.

"ಇದನ್ನ ಹರಿದು ಬಡಸು. ಮೊದಲನೇ ತುಂಡು ನನಗ ಹಾಕು, ಹೊದಿಸಿದ ಕೈ ನಂದು."