ಹುಲ್ಲಿನ ಕರು

ಹೊಳೆಯ ದಂಡೆಯ ಮೇಲೆ ಕರಿಬಸಯ್ಯ ಎಂಬ ಗುರುವಿನ ಮನೆ. ಊರವರು ಅದನ್ನು ಮಠ ಎನ್ನುತ್ತಿದ್ದರು. ನೋಡಿದರೆ ಮಠದ ಲಕ್ಷಣ ಒಂದೂ ಇರಲಿಲ್ಲ. ಗುರು, ಗುರುವಿನ ಹೆಂಡತಿ ಈರವ್ವ, ಒಬ್ಬ ಶಿಷ್ಯ. ಉಳಿದವರೆಲ್ಲ ನಾಲ್ಕು ಕಾಲಿನವರು, ಇಲ್ಲವೇ ರೆಕ್ಕೆಯವರು.

ಕಣ್ಣು ಹೋದ ಎತ್ತು, ಹಾಲು ಬತ್ತಿದ ಎಮ್ಮೆ, ಆಡುಗಳು, ಕೋಳಿಗಳು, ಯಾರೋ ಬಿಟ್ಟುಹೋದ ಕುಂಟ ಕತ್ತೆ. ಸುತ್ತಲಿನ ಊರುಗಳಿಗೆ ಬೇಡವಾದ ಜೀವವೆಲ್ಲ ಇಲ್ಲಿಗೆ ಬಂದು ಸೇರುತ್ತಿತ್ತು.

ಮಾಗಿಯಲ್ಲಿ ಅಲ್ಲಿ ಬದುಕುವುದು ಸುಲಭವಲ್ಲ. ಹೊಳೆಯಿಂದ ಏಳುವ ಮಂಜು ಹೊತ್ತೇರಿದರೂ ಕರಗುತ್ತಿರಲಿಲ್ಲ. ದನಗಳ ಬೆನ್ನಿಗೆ ಗೋಣಿತಟ್ಟು ಕಟ್ಟಬೇಕು, ಕೋಳಿಗಳನ್ನು ಅಡುಗೆಮನೆಯೊಳಗೆ ಬುಟ್ಟಿಯಡಿ ಮುಚ್ಚಬೇಕು, ಕೊಟ್ಟಿಗೆಯಲ್ಲಿ ಹೊಟ್ಟಿನ ಬೆಂಕಿ ಆರದಂತೆ ನೋಡಬೇಕು. ಇಷ್ಟೆಲ್ಲ ಮಾಡಿದರೂ ಪ್ರತಿ ಮಾಗಿಯೂ ಒಂದೋ ಎರಡೋ ಜೀವ ತೆಗೆದುಕೊಂಡೇ ಹೋಗುತ್ತಿತ್ತು.

ಶಿಷ್ಯನ ಹೆಸರು ಅಡಿವೆಪ್ಪ. ಪ್ರಾಯದವ, ಮಡಿವಂತ, ಹಟವಾದಿ. ಮಾತಿನಲ್ಲಾಗಲಿ ನಡತೆಯಲ್ಲಾಗಲಿ ಸುಳ್ಳು ಸುಳಿಯಗೊಡುವುದಿಲ್ಲ ಎಂದು ವ್ರತ ಹಿಡಿದಿದ್ದ. ವ್ರತ ಹಿಡಿದವರ ಜೊತೆ ಬಾಳುವ ಕಷ್ಟ ಈರವ್ವನನ್ನು ಕೇಳಬೇಕು. ಸಾರಿಗೆ ಉಪ್ಪು ಹೆಚ್ಚಾದ ದಿನ ಅವನು ಅದನ್ನು ಹೇಳದೆ ಎಲೆ ಬಿಟ್ಟು ಏಳುತ್ತಿರಲಿಲ್ಲ.

ಆದರೆ ಕೌಲಿ ಎಂಬ ಆಕಳು ಅವನ ಕೈಗೆ ಮಾತ್ರ ಒಗ್ಗಿತ್ತು. ಬೇರೆ ಯಾರು ಕೆಚ್ಚಲಿಗೆ ಕೈ ಹಾಕಿದರೂ ಒದೆಯುತ್ತಿತ್ತು.

ಆ ವರ್ಷ ಮಾಗಿಯಲ್ಲಿ ಒಂದು ಆಡು ಹೊಟ್ಟೆಯುಬ್ಬಿ ಸತ್ತಿತು. ಅದರ ಎರಡು ಎಳೆಮರಿಗಳಿಗೆ ಈರವ್ವ ಬಟ್ಟೆಯ ಬತ್ತಿಯಲ್ಲಿ ಅಂಬಲಿ ಕುಡಿಸುತ್ತಿದ್ದಳು. ಅಂಬಲಿ ಅವಕ್ಕೆ ಹತ್ತುತ್ತಿರಲಿಲ್ಲ. ದಿನದಿಂದ ದಿನಕ್ಕೆ ಸೊರಗಿದವು. ತುಂಬುಗಬ್ಬದ ಕೌಲಿಯ ಹಾಲೊಂದೇ ಆಸೆ.

ಎಳ್ಳಮಾವಾಸ್ಯೆಯ ಹಿಂದಿನ ಸಂಜೆ ಕೌಲಿ ಕರು ಹಾಕಿತು.

“ಮರಿ ಬದುಕಿದ್ವು ಬಿಡಪಾ” ಎಂದಳು ಈರವ್ವ.

ಮರುದಿನ ಬೆಳಿಗ್ಗೆ ಗುರುವೂ ಈರವ್ವನೂ ಭೂತಾಯಿಗೆ ಎಡೆ ಕೊಟ್ಟು ಚರಗ ಚೆಲ್ಲಲು ಹೊಲಕ್ಕೆ ಹೋದರು. ಮನೆಯ ಪೂಜೆ ಅಡಿವೆಪ್ಪನದು. ಹಬ್ಬದ ದಿನ, ಮೈತುಂಬ ಹುಟ್ಟಿನ ಲೋಳೆ ಒಣಗಿದ ಕರುವನ್ನು ಪೂಜೆಗೆ ಹೇಗೆ ನಿಲ್ಲಿಸುವುದು? ಹೊಳೆಯಿಂದ ಕೊಡ ತುಂಬಿ ತಂದು ಅದರ ಮೈ ತೊಳೆದ. ತಾನೂ ಅದೇ ನೀರಿನಲ್ಲಿ ಮಿಂದವನು, ತನಗೇನೂ ಆಗಿರಲಿಲ್ಲ.

ಕರು ನಡುಗಿತು. ಅವನು ಹಣೆಗೆ ವಿಭೂತಿ ಹಚ್ಚಿದ. ಮಂತ್ರ ಮುಗಿಯುವ ಹೊತ್ತಿಗೆ ಅದು ನಡುಗುವುದನ್ನೂ ಬಿಟ್ಟಿತ್ತು.

ಮನೆಗೆ ಬಂದ ಈರವ್ವ ಸತ್ತ ಕರು ನೋಡಿ ಬುಟ್ಟಿ ಇಳಿಸದೆ ಕೇಳಿದಳು. “ಏನಾತೋ ತಮ್ಮಾ?”

“ಚಳಿಗೆ ಹೋತ್ರಿ ಅವ್ವಾರ.”

ಚಳಿಗೇ ಹೋಗಿತ್ತು, ಅದರಲ್ಲಿ ಸುಳ್ಳೇನಿದೆ ಎಂದು ಅವನು ತನಗೆ ತಾನೇ ಹೇಳಿಕೊಂಡ.

ಗುರು ಕರುವಿನ ಮೈಮೇಲೆ ಕೈಯಾಡಿಸಿದ.

ಕೌಲಿ ಒಂದು ಹನಿ ಹಾಲು ಇಳಿಸಲಿಲ್ಲ. ಅಡಿವೆಪ್ಪನ ಕೈಗೂ ಇಳಿಸಲಿಲ್ಲ. ಬಾಗಿಲ ಕಡೆ ನೋಡಿ ಒದರುತ್ತಿತ್ತು.

ಮಾರನೆಯ ದಿನ ಗುರು ಚೂರಿ ಮಸೆದು ಸತ್ತ ಕರುವಿನ ತೊಗಲು ಸುಲಿದ. ಅಯ್ಯನಾದವನು ಮಾಡುವ ಕೆಲಸವೇ ಇದು! ಅಡಿವೆಪ್ಪ ಮೂಗಿಗೆ ಬಟ್ಟೆ ಹಿಡಿದು ದೂರ ನಿಂತ. ಗುರು ತೊಗಲಿಗೆ ಉಪ್ಪು, ಬೂದಿ ತಿಕ್ಕಿ ಒಳಗೆ ಹುಲ್ಲು ತುಂಬಿದ. ಈರವ್ವ ದಬ್ಬಣದಿಂದ ಹೊಲಿದಳು. ಕುತ್ತಿಗೆ ವಾಲಿದ, ಕಣ್ಣಿಲ್ಲದ ಒಂದು ಕರು ಆಯಿತು.

“ಇದನ್ನ ನಾ ಅಕಿ ಮುಂದ ನಿಂದ್ರಸ್ತೀನಿ. ಮೂಸಿ ನೋಡಿ ಹಾಲು ಇಳಸ್ತಾಳ. ನೀ ಹಿಂಡು” ಎಂದ ಗುರು.

“ಆಗಂಗಿಲ್ರಿ ಅಜ್ಜಾರ.”

“ಯಾಕಪಾ?”

“ಇದು ಮೋಸ. ಅಕಿ ಇದನ್ನ ತನ್ನ ಕರು ಅಂತ ತಿಳೀತಾಳ. ಮೂಕಪ್ರಾಣಿಗೆ ಸುಳ್ಳ ತೋರ್ಸೂದು ನನ್ನ ಕೈಲೆ ಆಗಂಗಿಲ್ಲ. ನನ್ನ ವ್ರತ ನಿಮಗ ಗೊತ್ತೈತಿ.”

“ಮರಿ?”

“ಶಿವ ನೋಡ್ಕೋತಾನ್ರಿ.”

“ಶಿವಗ ಕೆಚ್ಚಲ ಇಲ್ಲೋ ತಮ್ಮಾ” ಎಂದಳು ಈರವ್ವ.

ಅವನು ಜಗ್ಗಲಿಲ್ಲ. ಈರವ್ವ ಹುಲ್ಲಿನ ಕರು ಹಿಡಿದಳು, ಗುರು ತಾನೇ ಹಿಂಡಲು ಕೂತ. ಕೌಲಿ ಒದ್ದ ಏಟಿಗೆ ತಂಬಿಗೆ ಒಂದು ಕಡೆ, ಗುರು ಒಂದು ಕಡೆ.

ಗುರು ಎದ್ದು ಧೋತರ ಕೊಡವಿಕೊಂಡ. ಹುಲ್ಲಿನ ಕರುವನ್ನು ಅಟ್ಟದ ಮೇಲಿಟ್ಟ.

“ಆತು. ಸುಳ್ಳ ಬ್ಯಾಡ ಅಂದ್ರ ಬ್ಯಾಡ. ಹೋಗಿ ಕೌಲಿಗೆ ಖರೇದ್ದ ಹೇಳು.”

“ಏನ್ ಹೇಳ್ಲಿರಿ?”

“ನಿನ್ನ ಹೊಟ್ಟ್ಯಾಗ ಐತೆಲ್ಲ, ಅದನ್ನ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಡಿವೆಪ್ಪ ಹೆಗಲು ಮುಟ್ಟಿಕೊಳ್ಳಲಿಲ್ಲ, ಅಷ್ಟೆ. ಮುಖ ಕಪ್ಪಿಟ್ಟಿತು.

ಕೌಲಿಯ ಮುಂದೆ ಹೋಗಿ ಕೂತ.

“ಹುಟ್ಟಿದ್ದೆಲ್ಲಾ ಸಾಯೂದ ಕೌಲೀ. ಈ ದೇಹ ಅಂದ್ರ ಬಾಡಿಗಿ ಮನಿ. ನಿನ್ನ ಕರು ಮನಿ ಖಾಲಿ ಮಾಡೈತಿ. ಅಳಬ್ಯಾಡ.”

ಮಾತು ಒಂದೂ ಸುಳ್ಳಲ್ಲ. ಹಾಲು ಒಂದು ಹನಿಯೂ ಇಲ್ಲ. ಕೌಲಿ ಅವನ ತಲೆಯ ಮೇಲಿಂದ ಬಾಗಿಲನ್ನೇ ನೋಡುತ್ತಿತ್ತು.

ಸಂಜೆ ಗುರು ಕೇಳಿದ. “ಹೇಳಿದೇನು?”

“ಹೇಳಿದ್ನಿರಿ.”

“ಎಲ್ಲಾ?”

ಶಿಷ್ಯ ಹೊಟ್ಟಿನ ಬೆಂಕಿ ಕೆದಕಿದ. ಬೆಂಕಿ ಚೆನ್ನಾಗಿಯೇ ಉರಿಯುತ್ತಿತ್ತು.

ಮರುದಿನ ಕೌಲಿ ಮೇವು ಬಿಟ್ಟಿತು. ಕೆಚ್ಚಲು ಬಾತು ಕಲ್ಲಾಗಿತ್ತು, ಮುಟ್ಟಿದರೆ ಮೈ ಅದುರುತ್ತಿತ್ತು. ಅಡಿವೆಪ್ಪ ಬಿಸಿನೀರಿನ ಬಟ್ಟೆ ಒತ್ತಿದ, ಬೆಲ್ಲ ತಿನ್ನಿಸಲು ನೋಡಿದ, ಕಿವಿಯಲ್ಲಿ ಪಂಚಾಕ್ಷರಿ ಹೇಳಿದ. ಒಂದು ಮಾತು ಬಿಟ್ಟು ಬೇರೆಲ್ಲ ಹೇಳಿದ.

ಮಂಜು ಇನ್ನೂ ಹರಿಯದ ಒಂದು ಬೆಳಿಗ್ಗೆ ಈರವ್ವ ಸೆರಗಿನಲ್ಲಿ ಏನನ್ನೋ ಸುತ್ತಿಕೊಂಡು ಬಂದಳು. ಅವನ ತೊಡೆಯ ಮೇಲಿಟ್ಟಳು. ಆಡಿನ ಮರಿ. ಬಾಯಲ್ಲಿ ಬಟ್ಟೆಯ ಬತ್ತಿ ಹಾಗೇ ಇತ್ತು.

“ನಿನ್ನ ವ್ರತಕ್ಕ ಇದೊಂದು ಸಾಲ್ಲಿಲ್ಲಂದ್ರ ಹೇಳು, ಒಳಗ ಇನ್ನೊಂದೈತಿ” ಎಂದು ತಿರುಗಿ ಹೋದಳು.

ಅವನು ಆ ಮರಿಯನ್ನು ಎತ್ತಿ ನೋಡಿದ. ಏನೂ ಭಾರವಿರಲಿಲ್ಲ. ಅಪ್ಪ ಸತ್ತಾಗಲೂ ಅಷ್ಟು ಅಳು ಬಂದಿರಲಿಲ್ಲ ಅವನಿಗೆ. ಆದರೂ ಎದ್ದು ಕೊಟ್ಟಿಗೆಗೆ ಹೋಗುವಷ್ಟರಲ್ಲಿ ಹೊತ್ತು ಏರಿತ್ತು.

ಗುರು ಎತ್ತಿನ ಬೆನ್ನಿನ ಗೋಣಿ ಬಿಗಿಯುತ್ತಿದ್ದ. ಈರವ್ವ ಸಗಣಿ ಬಾಚುತ್ತಿದ್ದಳು. ಇಬ್ಬರೂ ಇದ್ದಾರೆಂದು ಗೊತ್ತಿದ್ದೇ ಅಡಿವೆಪ್ಪ ಕೌಲಿಯ ಮುಂದೆ ಮೊಣಕಾಲೂರಿದ.

“ಕೌಲೀ, ನಿನ್ನ ಕರೂನ ನಾನ ಕೊಂದ್ನಿ.”

ಈರವ್ವನ ಕೈ ನಿಂತಿತು.

“ಹೊಳಿ ನೀರಾಗ ಮೈ ತೊಳದ್ನಿ. ನೀ ಒದರಾಕತ್ತಿದ್ದಿ. ನಾ ಮಂತ್ರದಾಗಿದ್ನಿ, ನನಗ ಕೇಳಿಸ್ಲಿಲ್ಲ.” ಅವನು ಕೌಲಿಯ ಕಾಲ ಬಳಿ ತಲೆ ಬಗ್ಗಿಸಿದ. “ಇಲ್ಲ. ಕೇಳಿಸಿತು. ಕೇಳಿಸಿದ್ರೂ ಬಿಡ್ಲಿಲ್ಲ. ಆಮ್ಯಾಲ ಎಲ್ಲಾ ಚಳಿ ಮ್ಯಾಲ ಹಾಕಿದ್ನಿ.”

ಈರವ್ವ ಬೈಯಲಿಲ್ಲ. ಬುಟ್ಟಿಯನ್ನು ಅಲ್ಲೇ ಬಿಟ್ಟು ಗೋಡೆಗೊರಗಿ ಕೂತಳು. ಬೈದಿದ್ದರೆ ಅವನಿಗೆ ತಡೆದುಕೊಳ್ಳಲು ಸುಲಭವಾಗುತ್ತಿತ್ತು.

“ನಿಮಗ ಗೊತ್ತಿತ್ತೇನ್ರಿ ಅಜ್ಜಾರ?”

“ತೊಗಲ ಸುಲದಾಂವ ನಾನಪಾ. ಒಂದು ದಿನದ ಕರು ಅಷ್ಟು ಸ್ವಚ್ಛ ಇರಂಗಿಲ್ಲ.”

“ಮತ್ಯಾಕ ಕೇಳ್ಲಿಲ್ಲ?”

ಗುರು ಗೋಣಿಯ ಗಂಟು ಹಾಕಿ ಎತ್ತನ್ನು ಬಿಟ್ಟು ಬಂದ.

“ನೀನಾಗೇ ಹೇಳ್ತಿ ಅಂತ ಕಾದ್ನಿ. ಕಾದದ್ದು ಹೆಚ್ಚಾತು. ಆ ಮರಿ ಪಾಪ ನನಗೂ ಹತ್ತೇತಿ.”

ಅಟ್ಟದ ಮೇಲಿಂದ ಹುಲ್ಲಿನ ಕರುವನ್ನು ಇಳಿಸಿದ. ಶಿಷ್ಯ ಈ ಸಲ ವ್ರತದ ಮಾತೆತ್ತಲಿಲ್ಲ. ತಂಬಿಗೆ ಹಿಡಿದು ಕೆಚ್ಚಲ ಪಕ್ಕ ಕೂತ.

ಕೌಲಿ ಕರುವಿನ ಹೊಟ್ಟೆ ಮೂಸಿತು. ಹೊಲಿಗೆ ಮೂಸಿತು. ಅಲ್ಲಿ ಬರೀ ಹುಲ್ಲಿನ ವಾಸನೆಯೇ ಇದ್ದಿರಬೇಕು, ಮೂತಿ ಹಿಂದೆಗೆಯಿತು. ಮತ್ತೆ ಬಗ್ಗಿ ಕುತ್ತಿಗೆಯ ಹತ್ತಿರ ಮೂಸಿ ಅಲ್ಲೇ ನಿಂತಿತು. ಆಮೇಲೆ ನಾಲಿಗೆ ಚಾಚಿ ನೆಕ್ಕತೊಡಗಿತು. ಅದಕ್ಕೆ ಏನು ತಿಳಿಯಿತೋ, ಏನು ತಿಳಿಯಲಿಲ್ಲವೋ, ನಮಗೆ ಹೇಗೆ ಗೊತ್ತಾಗಬೇಕು?

ಮೊದಲು ಕೆಟ್ಟ ಹಾಲು ಗಟ್ಟಿಗಟ್ಟಿಯಾಗಿ ಇಳಿಯಿತು. ಅದನ್ನು ನೆಲಕ್ಕೆ ಹಿಂಡಿದ. ಕೌಲಿ ನೋವಿಗೆ ಕಾಲೆತ್ತಿತು, ಒದೆಯದೆ ಇಳಿಸಿತು. ಆಮೇಲೆ ಒಳ್ಳೆಯ ಹಾಲು ಬಂತು. ಹೆಚ್ಚಿರಲಿಲ್ಲ. ತಂಬಿಗೆಯ ತಳ ಮುಚ್ಚಿತು.

ಅವನು ಏಳುವಾಗ ಕೌಲಿ ಕತ್ತು ತಿರುಗಿಸಿ ಅವನ ಕೈಯನ್ನೂ ಒಂದು ಸಲ ನೆಕ್ಕಿತು. ಕೊಡ ಹಿಡಿದು ಕರುವಿನ ಮೈ ತೊಳೆದ ಕೈ ಅದು. ಅಡಿವೆಪ್ಪ ನಿಂತಲ್ಲೇ ಬಿಕ್ಕಿ ಬಿಕ್ಕಿ ಅತ್ತ.

“ಅಜ್ಜಾರ, ಅಕಿ ನನಗ ಕ್ಷಮಾ ಮಾಡಿದಳೇನ್ರಿ?”

ಗುರು ಹುಲ್ಲಿನ ಕರುವನ್ನು ಹೆಗಲಿಗೇರಿಸಿಕೊಂಡ.

“ಅದು ನನಗ ಗೊತ್ತಿಲ್ಲ. ಹಾಲು ಆರಾಕತ್ತೈತಿ, ಹೋಗಿ ಮರಿಗೆ ಕುಡಸು.”